ಆರು ಲೇಬಲ್ಲಿನ ಚಾರ್ಟು

ಬ್ರಹ್ಮಾವರ
24 ಫೆಬ್ರವರಿ 2013

ಸುಗುಣಳಿಗೆ, ಲೀಲಾಧರನ ನಮಸ್ಕಾರ.

ಗಂಡ ಹೆಂಡತಿಗೆ ನಮಸ್ಕಾರ ಬರೆಯುವುದು ನಮ್ಮಲ್ಲಿ ವಾಡಿಕೆಯಿಲ್ಲ. ಆದರೆ ಈ ತಿಂಗಳು ಪೂರಾ ಅರ್ಜಿ ಬರೆದು ಬರೆದು ಕೈ ಅದಕ್ಕೇ ಒಗ್ಗಿಹೋಗಿದೆ. ಇದೂ ಒಂದು ಅರ್ಜಿ ಎಂದುಕೊಂಡು ಓದು. ಸಹಿ ಹಾಕುವ ಕಾಲಂ ಮಾತ್ರ ಇಲ್ಲ.

ಮೊದಲು ಖರ್ಚು, ನನ್ನ ಅಂಗಡಿಯ ಹಳೇ ಒಂದು ಶಾಲಾ ಚಾರ್ಟಿನದು. ದಪ್ಪ ಚಾರ್ಟು ಒಂದು, ಆರು ರೂಪಾಯಿ. ಸ್ಕೆಚ್ ಪೆನ್ನಿನ ಶಾಯಿ, ಅಂಟು, ಅಂಚಿಗೆ ಬಣ್ಣದ ಟೇಪು, ಎಲ್ಲ ಸೇರಿ ಒಂಬತ್ತು. ನನ್ನ ಕೈಕೆಲಸ ಮುಕ್ಕಾಲು ಗಂಟೆ. ಮಾರಿದ್ದು ಎಂಬತ್ತೈದಕ್ಕೆ. ಅಂಗಡಿಯ ಪುಸ್ತಕದಲ್ಲಿ ಅಲ್ಲಿಗೆ ಲೆಕ್ಕ ಮುಗಿದಿತ್ತು. ಪುಸ್ತಕಕ್ಕೆ ಏರದ ಬಾಬ್ತುಗಳು ಇವು: ಒಂದು ವಿಚಾರಣೆ, ನಿನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಎರಡು ಸಾಲು, ಬ್ರಹ್ಮಾವರದಿಂದ ಕಿರಿಮಂಜೇಶ್ವರಕ್ಕೆ ಒಂದು ವರ್ಗಾವಣೆ, ಮೊದಲು ವಾರಕ್ಕೊಮ್ಮೆ ಆಮೇಲೆ ತಿಂಗಳಿಗೊಮ್ಮೆ ನೀನು ಹತ್ತಿಳಿದ ಬಸ್ಸುಗಳು, ಆಮೇಲೆ ಹತ್ತದೇ ಬಿಟ್ಟ ಬಸ್ಸುಗಳು. ಆರು ವರ್ಷ. ಎಂಬತ್ತೈದು ರೂಪಾಯಿಯ ಮಾಲಿಗೆ ಇಷ್ಟು ದುಬಾರಿ ಬಿದ್ದದ್ದನ್ನು ನನ್ನ ವ್ಯಾಪಾರದಲ್ಲಿ ನಾನು ಬೇರೆ ಕಂಡಿಲ್ಲ.

ಈಗ ವಿಷಯ. ನಿನ್ನ ತಮ್ಮ ಶೇಖರ ದೀಪಾವಳಿಯ ಮುಂಚೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಮುಖ ತಿರುಗಿಸುತ್ತಾನೆ ಎಂದುಕೊಂಡಿದ್ದೆ, ಹತ್ತಿರ ಬಂದು, "ಭಾವ, ಅಕ್ಕನ ಹೆಸ್ರು ಹೆಡ್ ಟೀಚರ್ ಪಟ್ಟಿಗೆ ಇತ್ತ್. ಆ ಹಳೇ ಎಚ್ಚರಿಕೆ ಒಂದ್ ಅಡ್ಡ ಕೂತಿತ್ತ್. ಅದ್ ಹೋಯ್ಕಾರೆ ಆಗ ಸುಳ್ಳ್ ಹೇಳ್ದವ್ರೇ ಬಂದ್ ಬರ್ದ್ ಕೊಡ್ಕ್," ಎಂದ. ಸುಳ್ಳು ಹೇಳಿದವರು ಯಾರೆಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಬಸ್ಸು ಬಂತು. ಬರೆದುಕೊಡಬೇಕೋ ಬೇಡವೋ ಎಂಬುದನ್ನು ನಾನು ಮೂರು ತಿಂಗಳು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅದು ಹೇಗೆ ಇತ್ಯರ್ಥವಾಯಿತು ಎಂದು ತಿಳಿಸಲು ಈ ಕಾಗದ.

ನಾನು ಬಿ.ಎಡ್. ಸೇರಿದ್ದು ನಿನ್ನ ಕಿವಿಗೆ ಬಿದ್ದಿರುತ್ತದೆ. ಮೂವತ್ತೊಂಬತ್ತರ ಗಂಡಸು ಇಪ್ಪತ್ತೆರಡರ ಹುಡುಗಿಯರ ನಡುವೆ ಕೂತು ಪಾಠಯೋಜನೆ ಬರೆಯುತ್ತಾನೆ. ಮೊದಲ ದಿನ ಅವರೆಲ್ಲ ನನ್ನನ್ನು ಉಪನ್ಯಾಸಕ ಎಂದುಕೊಂಡು ಎದ್ದು ನಿಂತರು. ನಾನೂ ಕೂತುಕೊಳ್ಳಿ ಎಂದೆ. ಯಾಕೆ ಸೇರಿದೆ ಎಂದು ಕೇಳಿದವರಿಗೆಲ್ಲ ಅಂಗಡಿ ನಡೆಯುವುದಿಲ್ಲ ಎಂದು ಹೇಳಿದ್ದೇನೆ. ಅದು ಸುಳ್ಳಲ್ಲ. 1997ರಲ್ಲಿ ನಾನು ಮುಂಬೈ ಹೋಟೆಲಿನ ಗಲ್ಲಾ ಬಿಟ್ಟು ಬಂದು ಎಸ್‌ಟಿಡಿ ಬೂತ್ ಹಾಕಿದಾಗ ಜನ ಸಾಲು ನಿಲ್ಲುತ್ತಿದ್ದರು. ಫೋನು ಎಲ್ಲರ ಕಿಸೆಗೆ ಹೋಯಿತು, ಝೆರಾಕ್ಸ್ ಹಿಡಿದೆ. ಝೆರಾಕ್ಸ್ ಬೀದಿಗೊಂದಾಯಿತು, ಪ್ರಾಜೆಕ್ಟ್ ಹಿಡಿದೆ.

ಆ ಪ್ರಾಜೆಕ್ಟಿನ ಕಾಲ ನಿನಗೆ ಗೊತ್ತು. ಶಾಲೆಯಲ್ಲಿ ಟೀಚರು "ಮಾಡಿಕೊಂಡು ಬನ್ನಿ" ಅನ್ನುವುದು, ಮಗು ಅಪ್ಪನಿಗೆ ಹೇಳುವುದು, ಅಪ್ಪ ನನ್ನ ಅಂಗಡಿಗೆ ಬರುವುದು. ಸೌರವ್ಯೂಹ, ಜ್ವಾಲಾಮುಖಿ, ಮಳೆನೀರು ಕೊಯ್ಲು. ನಾನು ಇಂಟರ್ನೆಟ್ಟಿನಿಂದ ತೆಗೆದು, ಓದದೆ ಅಂಟಿಸಿ ಕೊಡುತ್ತಿದ್ದೆ. ನಾನು ಓದಲಿಲ್ಲ, ಅಪ್ಪ ಓದಲಿಲ್ಲ, ಮಗು ಓದಲಿಲ್ಲ. ಟೀಚರು ಅಂಚಿನ ಟೇಪು ನೋಡಿ ಅಂಕ ಹಾಕಿದರು. ನೀನೊಬ್ಬಳೇ ಹಳೇ ಪೇಪರಿನ ಮೇಲಾದರೂ ಸರಿ, ಸ್ವಂತ ಮಾಡಿ ತನ್ನಿ ಎಂದು ಹೇಳುತ್ತಿದ್ದವಳು. ನನ್ನ ವ್ಯಾಪಾರಕ್ಕೆ ಮನೆಯೊಳಗೇ ಕಲ್ಲು ಎಂದು ನಾನು ತಮಾಷೆ ಮಾಡುತ್ತಿದ್ದೆ. ನೀನು ನಗುತ್ತಿರಲಿಲ್ಲ.

ಈ ಜನವರಿಯಲ್ಲಿ ನನಗೆ ಬೋಧನಾಭ್ಯಾಸಕ್ಕೆ ಸಿಕ್ಕಿದ್ದು ತಲ್ಲೂರಿನ ಕಡೆಯ ಒಂದು ಹೈಸ್ಕೂಲು. ಎಂಟನೇ ತರಗತಿ, ಮೂವತ್ತೊಂದು ಮಕ್ಕಳು. ಈಗ ಪ್ರಾಜೆಕ್ಟಿಗೆ ಸರಕಾರವೇ ಅಂಕ ಇಟ್ಟಿದೆಯಲ್ಲ, ನಾನೂ "ನೀರು" ಎಂದು ವಿಷಯ ಕೊಟ್ಟು ಮಾಡಿಕೊಂಡು ಬನ್ನಿ ಎಂದೆ. ಬಾಯಿಂದ ಆ ಮಾತು ಬಂದಾಗ ಏನೂ ಅನ್ನಿಸಲಿಲ್ಲ. ಸೋಮವಾರ ಬಂದವು: ಥರ್ಮೋಕೋಲು, ಪ್ರಿಂಟೌಟು, ಹೊಳೆಯುವ ಕಾಗದ. ಹಳೆಯ ಗಿರಾಕಿಗಳನ್ನು ಕಂಡ ಹಾಗಾಯಿತು. ನಡುವೆ ನವ್ಯಶ್ರೀ ಎಂಬ ಹುಡುಗಿ ಒಂದು ಚಾರ್ಟು ಬಿಚ್ಚಿದಳು. ಮಳೆನೀರು ಕೊಯ್ಲು. ಅಂಚಿಗೆ ಹಸಿರು ಟೇಪು. ಅಕ್ಷರ ನನ್ನದು.

ತನ್ನ ಅಕ್ಷರಕ್ಕೆ ತಾನೇ ಅಂಕ ಹಾಕುವ ಯೋಗ ಎಷ್ಟು ಜನಕ್ಕೆ ಬರುತ್ತದೆ ಹೇಳು. ಚೆನ್ನಾಗಿದೆ ಎಂದೆ. ಇದರಲ್ಲಿ ಈ ಕೊಳವೆ ಯಾಕಿದೆ ಎಂದು ಕೇಳಿದೆ. ಅವಳು ಹೆದರಲಿಲ್ಲ. "ಸರ್, ಅದ್ ಬ್ರಹ್ಮಾವರದ ಅತ್ತೆ ಮನಿದ್. ಅಲ್ಲಿ ಅಣ್ಣಂಗೆ ಫಸ್ಟ್ ಬಂದಿತ್ತ್. ನಂಗ್ ಅದ್ರಗೆ ಎಂತದೂ ಗೊತ್ತಿಲ್ಲೆ," ಎಂದಳು. ಕ್ಲಾಸು ನಕ್ಕಿತು. ಹಾಗಾದರೆ ನೀರಿನ ಬಗ್ಗೆ ನಿನಗೆ ಏನು ಗೊತ್ತು ಎಂದು ಸ್ವಲ್ಪ ಕುಟುಕಿಯೇ ಕೇಳಿದೆ. "ನಮ್ಮನಿ ಬಾವಿ ನೀರ್ ಯಾವಾಗ ಉಪ್ಪಾತ್ತ್ ಅಂದೇಳಿ ಗೊತ್ತಿತ್ತ್," ಎಂದಳು.

ಆ ಚಾರ್ಟನ್ನು ನಾನು ಮನೆಗೆ ತಂದೆ. ಬಲಗಡೆಯ ಕೆಳಮೂಲೆಯಲ್ಲಿ ಹೆಸರಿನ ಲೇಬಲ್ಲು ಬೆರಳಿಗೆ ಸಿಗುವಷ್ಟು ದಪ್ಪವಾಗಿತ್ತು. ಹತ್ತಿ ಒದ್ದೆ ಮಾಡಿ ಒಂದೊಂದೇ ಎಬ್ಬಿಸಿದೆ. ನವ್ಯಶ್ರೀಯ ಕೆಳಗೆ ಚಂದನಾ, ಅದರ ಕೆಳಗೆ ಶೈಲೇಶ್, ಅದರ ಕೆಳಗೆ ಮತ್ತಿಬ್ಬರು. ಒಟ್ಟು ಆರು ಲೇಬಲ್ಲು, ಆರು ವರ್ಷ, ಮೂರು ಶಾಲೆ. ನನಗಿಂತ ಮೊದಲು ಐದು ಮಂದಿ ಟೀಚರು ಅದಕ್ಕೆ ಅಂಕ ಕೊಟ್ಟಿದ್ದಾರೆ. ಇಷ್ಟು ಬಾಳಿಕೆಯ ಮಾಲು ನಾನು ಬೇರೆ ಮಾಡಿಲ್ಲ. ಎಲ್ಲಕ್ಕಿಂತ ಕೆಳಗೆ: ಅನೂಪ್, ಏಳನೇ ತರಗತಿ. ನಿನ್ನ ಕ್ಲಾಸಿನ ಅನೂಪ್, ಭೋಜರಾಜರ ಮಗ.

ಹಿಂದೆ ತಿರುಗಿಸಿದೆ. ಆರ್ಡರು ಬಂದಾಗ ಚಾರ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕುವ ಪದ್ಧತಿ ನನ್ನದು. ಯಾರಿಗೆ, ಯಾವತ್ತಿಗೆ, ಏನು ಹೇಳಿ ಒಪ್ಪಿಸಿದ್ದು. ಮಾಸಿದ್ದರೂ ಓದಲು ಬರುತ್ತಿತ್ತು. "ಅನೂಪ್. ಶುಕ್ರವಾರ. ಸುಗುಣ ಟೀಚರ್ ಇದೇ ಆಗಬೇಕು ಅಂದಿದ್ದಾರೆ ಎಂದು ಹೇಳಿದೆ. ಚೌಕಾಸಿ ಇಲ್ಲ."

ನೀನು ಹಾಗೆ ಅಂದಿರಲಿಲ್ಲ. ಯಾವತ್ತೂ ಅಂದಿರಲಿಲ್ಲ. ಭೋಜರಾಜರು ಅರವತ್ತಕ್ಕೆ ಕೇಳಿದರು, ನಾನು ನಿನ್ನ ಹೆಸರು ಎತ್ತಿದೆ, ಅವರು ಬಾಯಿ ಮುಚ್ಚಿ ಎಂಬತ್ತೈದು ಕೊಟ್ಟರು. ಮಾತು ಕೆಲಸ ಮಾಡಿತು ಎಂದು ಮತ್ತೆ ಹನ್ನೊಂದು ಮಂದಿಗೆ ಅದನ್ನೇ ಹೇಳಿದೆ. ತಿಂಗಳು ಕಳೆದ ಮೇಲೆ ಭೋಜರಾಜರು ದೂರು ಕೊಟ್ಟರು: ಟೀಚರು ಗಂಡನ ಅಂಗಡಿಗೆ ಮಕ್ಕಳನ್ನು ಕಳಿಸುತ್ತಾರೆ. ಅವರದ್ದು ತಪ್ಪಲ್ಲ, ಕೇಳಿದ್ದನ್ನು ಹೇಳಿದರು. ವಿಚಾರಣೆಯಲ್ಲಿ ನನ್ನನ್ನೂ ಕರೆದು ಕೇಳಿದಾಗ, "ಟೀಚರ್ ಕ್ಲಾಸಿನಲ್ಲಿ ಏನು ಹೇಳುತ್ತಾರೋ ನನಗೆ ತಿಳಿಯದು, ನಾನು ಅಂಗಡಿಯವ," ಎಂದೆ. ಒಂಬತ್ತು ಶಾಲೆಯ ಆರ್ಡರು ಕೈಯಲ್ಲಿತ್ತು. ಹೆಚ್ಚೆಂದರೆ ನಿನಗೊಂದು ವರ್ಗಾವಣೆ, ಅದು ಯಾವ ಟೀಚರಿಗೆ ಆಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ನೀನು ಮನೆಯಲ್ಲಿ ನನ್ನನ್ನು ಒಂದೇ ಸಲ ಕೇಳಿದೆ, ನೀವು ನನ್ನ ಹೆಸರು ಹೇಳಿದ್ರಾ ಎಂದು. ಇಲ್ಲ ಎಂದೆ. ಎರಡನೇ ಸಲ ಕೇಳಿದ್ದರೆ ಹೇಳುತ್ತಿದ್ದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ನಂಬುವುದಿಲ್ಲ.

ಚಾರ್ಟನ್ನು ಒಲೆಗೆ ಹಾಕಬಹುದಿತ್ತು. ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದೆ. ಮರುದಿನ ಮಕ್ಕಳಿಗೆ ತಂದದ್ದನ್ನೆಲ್ಲ ಮನೆಗೆ ಒಯ್ಯಿರಿ, ನವ್ಯಶ್ರೀಯ ಬಾವಿಯಿಂದ ಶುರುಮಾಡೋಣ ಎಂದೆ. ದೊಡ್ಡ ಆದರ್ಶ ಎಂದುಕೊಳ್ಳಬೇಡ, ಬೇರೆ ದಾರಿ ತೋಚಲಿಲ್ಲ.

ಅಲ್ಲಿ ಹೊಳೆಗೆ ಹರಿದು ಸೇರುವ ತೋಡಿಗೆ ಒಂದು ಕಿಂಡಿ ಅಣೆಕಟ್ಟು ಇದೆ. ಮಳೆ ಕಳೆದ ಮೇಲೆ ಕಿಂಡಿಗೆ ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ, ಉಬ್ಬರದ ಉಪ್ಪುನೀರು ಒಳಗೆ ಬಾರದ ಹಾಗೆ. ಈ ಸಲ ಹಲಗೆ ಇಳಿಸಿಯೂ ಕೆಲವು ಬಾವಿ ಉಪ್ಪಾಗಿತ್ತು. ಯಾವ ಬಾವಿ, ಎಷ್ಟು ಉಪ್ಪು, ಯಾವ ಕಡೆಯಿಂದ? ಅಳೆಯುವ ಯಂತ್ರ ಇರಲಿಲ್ಲ. ನಾನು ಸಾಬೂನು ಹಿಡಿದೆ. ಒಂದೇ ಅಳತೆಯ ಬಾಟಲಿ, ಅರ್ಧ ನೀರು, ಸಮಾ ಕತ್ತರಿಸಿದ ಮೈಸಾಬೂನಿನ ತುಂಡು. ನೊರೆ ಬಾಟಲಿಯ ಮೇಲೆ ಎಳೆದ ಗೆರೆಗೆ ಬರುವವರೆಗೆ ಕುಲುಕಿ ಎಣಿಸುವುದು. ಸಿಹಿನೀರಿಗೆ ಹತ್ತು ಹನ್ನೆರಡು ಸಾಕು. ಉಪ್ಪುನೀರು ಐವತ್ತಕ್ಕೂ ಬಗ್ಗುವುದಿಲ್ಲ. ನವ್ಯಶ್ರೀಯ ಅಜ್ಜಿ ರತ್ನಮ್ಮ ಬಾವಿಕಟ್ಟೆಯಲ್ಲಿ ನಿಂತು, "ಹ್ವಾಯ್ ಮೇಷ್ಟ್ರೆ, ಇಷ್ಟ್ ಸೋಪ್ ಎಂತಕೆ ಹಾಳ್ ಮಾಡ್ತ್ರಿ? ಬೇಳಿ ಬೇಯ್ಲಿಲ್ಲೆ ಅಂದ್ರೆ ಉಪ್ಪ್ ಬಂತ್ ಅಂದೇಳಿ ಲೆಕ್ಕ. ಇದನ್ನ್ ಕಲೂಕೆ ನಿಮ್ಗ್ ಕಾಲೇಜ್ ಬೇಕಾಯ್ತಾ?" ಎಂದರು. ಬೇಕಾಯಿತಮ್ಮ ಎಂದೆ. ಅವರ ಬೇಳೆಯ ದಿನಾಂಕಗಳನ್ನೂ ಮಕ್ಕಳು ಬರೆದುಕೊಂಡರು.

ಶಾಲೆಯಲ್ಲಿ ಆರು ಕಂಪ್ಯೂಟರು ಇದ್ದವು, ಮದುಮಗಳ ಹಾಗೆ ಮುಸುಕು ಹಾಕಿಕೊಂಡು. ಬೀಗದ ಕೈ ಕೇಳಿ ಕೇಳಿ ಪಡೆದು ಎರಡನ್ನು ಚಾಲೂ ಮಾಡಿ, ಮಕ್ಕಳಿಂದಲೇ ಅಂಕಿ ತುಂಬಿಸಿದೆ. ಪರದೆಯಲ್ಲಿ ನಕ್ಷೆಯ ಗೆರೆ ಎದ್ದು ನಿಂತಿತು. ತೋಡಿನ ತೆಂಕು ಬದಿಯ ಬಾವಿಗಳೇ ಉಪ್ಪು. ಮಕ್ಕಳು ಓಡಿಹೋಗಿ ನೋಡಿದರೆ ಆ ಬದಿಯ ಕಿಂಡಿಯಲ್ಲಿ ಅಡಿಯ ಎರಡು ಹಲಗೆಯೇ ಇರಲಿಲ್ಲ. ಹತ್ತು ವರ್ಷ ನಾನು ಇದೇ ಯಂತ್ರದಿಂದ ಊರೆಲ್ಲ ಉತ್ತರ ಮಾರಿದ್ದೆ. ಅದಕ್ಕೆ ಪ್ರಶ್ನೆ ಹಾಕುವವರು ಬಾವಿಕಟ್ಟೆಯಲ್ಲಿ ಇರುತ್ತಾರೆ ಎಂದು ಗೊತ್ತಿರಲಿಲ್ಲ. ಮುಂದೆ ಮೇಷ್ಟ್ರಾಗುವುದಾದರೆ ನನ್ನ ಬಂಡವಾಳ ಇದಿಷ್ಟೇ.

ಬಾವಿಗಳ ಪಟ್ಟಿ ಪಂಚಾಯತಿಗೆ ಹೋಯಿತು. ಮೆಂಬರು ಬಂದು, "ಯಾರ್ ಮಾರ್ರೆ ಈ ಮಕ್ಕಳಿಗೆ ಲೆಕ್ಕ ಕಲ್ಸಿದ್ದ್?" ಎಂದು ಬೈದ ಹಾಗೆ ಕೇಳಿ, ಮೂರನೇ ದಿನ ಎರಡು ಹಲಗೆ ಕಳಿಸಿದರು. ನನ್ನ ಪಾಠ ನೋಡಲು ಬಂದ ಕಾಲೇಜಿನ ರಾಜೀವ ಸರ್ ಮಾತ್ರ ಬಾಟಲಿಗಳ ನಡುವೆ ನಿಂತು, ಬೋಧನೋಪಕರಣ ಎಲ್ಲಿ, ಒಂದು ಒಳ್ಳೆಯ ಚಾರ್ಟಾದರೂ ಬೇಡವೇ ಎಂದರು. ಚಾರ್ಟು ಇದೆ ಸರ್, ತೋರಿಸುವ ಹಾಗಿಲ್ಲ ಎಂದೆ. ಐವತ್ತಕ್ಕೆ ಮೂವತ್ತೊಂದು ಹಾಕಿದರು.

ಕೊನೆಯ ದಿನ ನವ್ಯಶ್ರೀ ಚಾರ್ಟು ವಾಪಸು ಕೇಳಿದಳು. ಅತ್ತೆಗೆ ಕೊಡಬೇಕಂತೆ, ಮುಂದಿನ ವರ್ಷ ಇನ್ನೊಬ್ಬನಿಗೆ ಬೇಕಂತೆ. ಏಳನೇ ಲೇಬಲ್ಲು. ಕೊಡುವುದಿಲ್ಲ, ಅದು ನನ್ನದು ಎಂದೆ. ಅವಳು ನನ್ನ ಮುಖ ನೋಡಿದಳು, ಬೋರ್ಡಿನ ಮೇಲಿನ ಅಕ್ಷರ ನೋಡಿದಳು. "ಹಾಂಗಾರೆ ಫಸ್ಟ್ ಬಂದದ್ದ್ ನಿಮ್ಗಾ ಸರ್?" ಎಂದಳು. ಕುಹಕ ಇರಲಿಲ್ಲ, ನಿಜವಾಗಿ ಕೇಳಿದ್ದು. ಅವತ್ತು ಸಂಜೆ ಅಟ್ಟದಿಂದ ಚಾರ್ಟು ಇಳಿಸಿದೆ.

ಕಳೆದ ಬುಧವಾರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ನಾಲ್ಕು ಪುಟ ಬರೆದುಕೊಟ್ಟು, ಚಾರ್ಟಿನ ಬೆನ್ನು ತೋರಿಸಿ, ಹಿಂಬರಹ ಪಡೆದಿದ್ದೇನೆ. ಪ್ರತಿ ಜೊತೆಗಿದೆ. ಒಂದು ಪ್ರತಿಯನ್ನು ಕಾಲೇಜಿನ ಪ್ರಿನ್ಸಿಪಾಲರಿಗೂ ಕೊಟ್ಟೆ. ಹೊರಗಿನಿಂದ ತಿಳಿಯುವುದಕ್ಕಿಂತ ಅದು ಅಗ್ಗ. ಅವರು ಓದಿ ಕನ್ನಡಕ ತೆಗೆದು, ನಿಮಗೆ ನಡತೆ ಪತ್ರದಲ್ಲಿ ಏನೆಂದು ಬರೆಯಲಿ ಮಾರಾಯರೆ ಎಂದರು. ಇನ್ನೂ ಬರೆದಿಲ್ಲ. ಅದಿಲ್ಲದೆ ಯಾವ ಶಾಲೆಯೂ ನನ್ನನ್ನು ಒಳಗೆ ಬಿಡುವುದಿಲ್ಲ.

ಕ್ಷಮೆ ಕೇಳಲು ಬರೆದದ್ದಲ್ಲ ಇದು. ಕೇಳಿದರೆ ಅಲ್ಲೂ ಚೌಕಾಸಿ ಮಾಡಿದ ಹಾಗಾಗುತ್ತದೆ. ಕಿರಿಮಂಜೇಶ್ವರದ ಕಡೆ ನಾನು ಬಂದವನಲ್ಲ, ಬಂದು ತೊಂದರೆ ಕೊಡುವ ಉದ್ದೇಶವೂ ಇಲ್ಲ. ಮಕ್ಕಳು ಮಾಡಿದ ಬಾವಿ ಪಟ್ಟಿಯ ಒಂದು ಪ್ರತಿಯನ್ನೂ ಇದರೊಳಗೆ ಇಟ್ಟಿದ್ದೇನೆ, ನಿನ್ನ ಕ್ಲಾಸಿಗೆ ಉಪಯೋಗಕ್ಕೆ ಬಂದೀತು. ಮಕ್ಕಳು ನೋಡಿದ್ದು ಇಪ್ಪತ್ತೆರಡು ಬಾವಿ.

ಕಡೆಗೆ ಯಾರಿಗೆ ಏನು ಬಂತು ಎಂದರೆ: ಅನೂಪನಿಗೆ ವಸ್ತುಪ್ರದರ್ಶನದ ಒಂದು ಪ್ರಥಮ ಬಹುಮಾನ. ಅವನ ನಂತರದ ನಾಲ್ವರಿಗೆ ತಲಾ ಒಂದಿಷ್ಟು ಅಂಕ. ಭೋಜರಾಜರಿಗೆ, ತಾವು ದೂರಿದ್ದು ತಪ್ಪು ಹೆಸರನ್ನು ಎಂಬ ತಿಳಿವಳಿಕೆ. ಮನೆಗೆ ಹೋಗಿ ನಾನೇ ಹೇಳಿದೆ, ಕಾಫಿ ಕೊಡಲಿಲ್ಲ. ರತ್ನಮ್ಮನಿಗೆ ಎರಡು ಹಲಗೆ, ಬೆಂದ ಬೇಳೆ. ನವ್ಯಶ್ರೀಗೆ ತನಗೆ ಗೊತ್ತಿದ್ದದ್ದೂ ಪಾಠ ಎಂಬ ಸುದ್ದಿ. ನಿನಗೆ, ಕಚೇರಿ ಕಣ್ಣು ಬಿಟ್ಟರೆ, ನಿನ್ನದೇ ಹೆಸರು ವಾಪಸು. ನನಗೆ ಮೂವತ್ತೊಂದು.

ಇಂತಿ,
ಲೀಲಾಧರ

ಮರೆತ ಮಾತು: ಪಟ್ಟಿಯಲ್ಲಿ ಇಪ್ಪತ್ಮೂರು ಸಾಲು ಇದೆಯಲ್ಲ ಎಂದು ನೀನು ಎಣಿಸದೆ ಬಿಡುವವಳಲ್ಲ. ಕೊನೆಯದು ತಲ್ಲೂರಿನ ಬಾವಿಯಲ್ಲ. ಹೋದ ತಿಂಗಳು ಒಂದು ಭಾನುವಾರ ನಿನ್ನ ಬಾಡಿಗೆ ಮನೆಯ ಅಂಗಳದವರೆಗೆ ಬಂದಿದ್ದೆ. ಒಳಗೆ ನೀನು ಯಾರೋ ಮಕ್ಕಳಿಗೆ, ಹಳೇ ಪೇಪರಾದರೂ ಸರಿ, ಸ್ವಂತ ಮಾಡಿ ಎಂದು ಹೇಳುತ್ತಿದ್ದೆ. ಕದ ತಟ್ಟಲಿಲ್ಲ. ಮನೆಯೊಡತಿ ಯಾರು ಬೇಕಿತ್ತು ಎಂದು ಕೇಳಿದರು. ನೀರು ನೋಡಲು ಬಂದವ ಎಂದೆ. ಒಂದು ಕೊಡಪಾನ ಸೇದಿ ಕೊಟ್ಟರು. ಹನ್ನೊಂದೇ ಕುಲುಕಿಗೆ ನೊರೆ ಬಂತು.