ಅರಿಶಿನ ಹಚ್ಚಿದ ಹೆಸರುಗಳು

ಕೊಪ್ಪ
ಭಾನುವಾರ, 23 ನವೆಂಬರ್ 2008

ಪ್ರೀತಿಯ ಅನಿತಾ,

ನೀನು ಕ್ಷೇಮವಾಗಿದ್ದೀ ಎಂದು ನಂಬಿದ್ದೇನೆ ಅಂತ ಬರೆದು ಹೊಡೆದುಹಾಕಿದೆ. ಕಳೆದ ಸೋಮವಾರ ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿದ ಮೇಲೆ ಆ ಸಾಲು ಬರೆಯಲು ನನಗೆ ಮುಖವಿಲ್ಲ. ಸೊಂಟದಲ್ಲಿ ಮಗು, ಕೈಯಲ್ಲಿ ಚೀಲ, ಅಡಿಕೆ ಸುಲಿದು ಕಪ್ಪಾದ ಬೆರಳುಗಳು. ಎರಡೂವರೆ ವರ್ಷದ ಮೇಲೆ ನೋಡುತ್ತಿದ್ದೇನೆ, ಓಡಿ ಬಂದು ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ನೀನೇ ಒಂದು ಹೆಜ್ಜೆ ಹಿಂದೆ ಸರಿದು, "ಚೈತ್ರಮ್ಮ, ಚೆನ್ನಾಗಿದ್ದೀರಾ?" ಎಂದು ಕೇಳಿದೆ. ಚಾಚಿದ್ದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮಗುವಿನ ಕೆನ್ನೆ ಸವರಿದೆ.

ಸೀತೂರಿನಲ್ಲಿ ನಾನು ನಿನಗೆ ಯಾವತ್ತೂ ಚೈತ್ರಮ್ಮನೇ. ನಾಗಪ್ಪನವರ ಮಗಳು, ನಿನ್ನ ಅಮ್ಮ ಗುಡ್ಡಮ್ಮ ಕೆಲಸಕ್ಕೆ ಬರುವ ತೋಟದ ಮನೆಯ ಹುಡುಗಿ. ಆದರೆ ಬೆಳಿಗ್ಗೆ ಕೊಪ್ಪದ ಬಸ್ಸು ನಮ್ಮೂರ ಮೋರಿ ದಾಟಿತೋ ಇಲ್ಲವೋ, "ಏ ಚೈತ್ರಾ, ಆಚೆ ಸರಿಯೇ, ನಾನೂ ಕೂರ್ತೇನೆ" ಎಂದು ನೀನು ನನ್ನ ಪಕ್ಕೆಗೆ ತಿವಿಯುತ್ತಿದ್ದೆ. ಸಂಜೆ ಅದೇ ಮೋರಿ ಬಂದಾಗ ನಾನು ಮತ್ತೆ ಚೈತ್ರಮ್ಮ ಆಗುತ್ತಿದ್ದೆ. ಇದನ್ನು ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿಕೊಂಡವರಲ್ಲ. ಮೊನ್ನೆ ನಾವು ನಿಂತದ್ದು ಆ ಮೋರಿಯಿಂದ ಎಷ್ಟೋ ದೂರದಲ್ಲಿ. ಆದರೂ ನೀನು ಹಾಗೆ ಕರೆದೆ.

ಕಡಹಿನಬೈಲಿನ ಬಸ್ಸು ಹತ್ತುವಾಗ ನೀನು ತಿರುಗಿ ಒಂದೇ ಒಂದು ಮಾತು ಕೇಳಿದೆ. "ಈಗಲೂ ಚುಕ್ಕಿ ಇಟ್ರೆ ಪಟ್ಟಿ ಬೀಳ್ತದಾ?" ಬೀಳ್ತದೆ ಅಂದೆ. ನೀನು ನಕ್ಕು ಒಳಗೆ ಹೋದೆ. ಅವತ್ತಿನಿಂದ ಈ ಪತ್ರವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೇನೆ. ಇವತ್ತು ಕಂಪ್ಯೂಟರ್ ಸೆಂಟರಿಗೆ ರಜೆ. ಬಾಗಿಲು ಹಾಕಿಕೊಂಡು, ನಾವಿಬ್ಬರೂ ಕೂರುತ್ತಿದ್ದ ಮೂರನೇ ಮೇಜಿನ ಮುಂದೆಯೇ ಕೂತಿದ್ದೇನೆ.

ಆ ಪಟ್ಟಿಯನ್ನು ನೀನು ಮೊದಲ ಸಲ ನೋಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸೆಂಟರಿನ ಕಂಪ್ಯೂಟರಿಗೆ ರಾಜೇಶ ಸರ್ ಹೊಸ ಸಾಫ್ಟ್‌ವೇರ್ ಹಾಕಿದ್ದರು. ಪ್ರೋಗ್ರಾಮಿನಲ್ಲಿ ಒಂದು ಹೆಸರು ಟೈಪ್ ಮಾಡಿ ಚುಕ್ಕಿ ಇಟ್ಟ ಕೂಡಲೇ, ಮುಂದೆ ಏನೇನು ಬರಬಹುದೋ ಅಷ್ಟೂ ಪದಗಳ ಪಟ್ಟಿ ಕೆಳಗೆ ಬಿತ್ತು. ಬೇಕಾದ್ದನ್ನು ಆರಿಸಿ ಎಂಟರ್ ಒತ್ತಿದರೆ ಮುಗಿಯಿತು, ಉಳಿದದ್ದನ್ನು ಅದೇ ಬರೆದುಕೊಳ್ಳುತ್ತಿತ್ತು. ನೀನು ಎದೆಯ ಮೇಲೆ ಕೈ ಇಟ್ಟುಕೊಂಡು, "ನನ್ನ ಮನಸ್ಸಲ್ಲಿರೋದು ಇದಕ್ಕೆ ಹೆಂಗೆ ಗೊತ್ತಾಯ್ತೇ ಮಾರಾಯ್ತಿ?" ಅಂದಿದ್ದೆ. ಆಮೇಲೆ ಸರ್ ಒಂದು ಹೆಸರಿನ ಮೇಲೆ ಕರ್ಸರ್ ಇಟ್ಟರು. ಅದೇ ಹೆಸರು ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಹಳದಿ ಹತ್ತಿಕೊಂಡಿತು.

ನನಗೆ ಅದು ಸೋಮಾರಿತನಕ್ಕೆ ಸಿಕ್ಕ ಅನುಕೂಲ. ನೀನು ಮಾತ್ರ ಅದನ್ನು ಮನೆಗೆ ಹೊತ್ತುಕೊಂಡು ಹೋದೆ. ದಿನಕ್ಕೆ ಎರಡು ಗಂಟೆ, ಅದೂ ಕರೆಂಟು ಇದ್ದರೆ, ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್. ಹಾಗಾಗಿ ನೀನು ಲಾಂಗ್ ಬುಕ್ಕಿನಲ್ಲಿ ಪ್ರೋಗ್ರಾಮ್ ಬರೆಯಲು ಶುರು ಮಾಡಿದೆ. ಪರದೆಯ ಮೇಲಿನ ಬಣ್ಣಗಳೇ ನಿನ್ನ ಪುಸ್ತಕದಲ್ಲೂ ಇರುತ್ತಿದ್ದವು, ನೀಲಿ ಪೆನ್ನು, ಹಸಿರು ಪೆನ್ನು, ಕಪ್ಪು ಪೆನ್ನು. ಹಳದಿ ಪೆನ್ನು ಸಿಗಲಿಲ್ಲ. ಗುಡ್ಡಮ್ಮನ ಅರಿಶಿನದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ನೀರಲ್ಲಿ ಕಲಸಿ, ಬೆಂಕಿಕಡ್ಡಿಯಲ್ಲಿ ಅದ್ದಿ ಒಂದೊಂದು ಹೆಸರಿನ ಮೇಲೂ ಹಚ್ಚಿದೆ. ಹಾಳೆಯ ಹಿಂದಕ್ಕೂ ಅರಿಶಿನ ಇಳಿಯುತ್ತದೆಂದು ಒಂದೇ ಬದಿಗೆ ಬರೆಯುತ್ತಿದ್ದೆ. ಬೀಳುವ ಪಟ್ಟಿಗಳನ್ನೂ ಕಂಠಪಾಠ ಮಾಡಿದ್ದೆ. ಅಡುಗೆ ಮಾಡುತ್ತಾ ಅದನ್ನೇ ಹೇಳಿಕೊಳ್ಳುತ್ತಾಳೆ, ಇವಳಿಗೆ ಎಂತದೋ ಮೆಟ್ಟಿಕೊಂಡಿದೆ ಎಂದು ಗುಡ್ಡಮ್ಮ ನಮ್ಮ ಅಮ್ಮನ ಹತ್ತಿರ ದೂರಿದ್ದಳು.

ಪಾಠ ಮಾಡಲು ಇಬ್ಬರಲ್ಲಿ ಒಬ್ಬಳನ್ನು ಇಟ್ಟುಕೊಳ್ಳುತ್ತೇನೆ, ಕೊನೆಯ ಪ್ರಾಜೆಕ್ಟ್ ನೋಡಿ ತೀರ್ಮಾನಿಸುತ್ತೇನೆ ಎಂದು ಸರ್ ಹೇಳಿದಾಗ, ಆ ಕೆಲಸ ಯಾರದೆಂದು ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ನಾನು ಟೀಚರ್ ಆಗದಿದ್ದರೆ ಮನೆಯಲ್ಲಿ ಮದುವೆಯ ಮಾತು ಬರುತ್ತಿತ್ತು, ಅಷ್ಟೇ. ನಿನಗೆ ಅದು ತಪ್ಪಿದರೆ ಮಾರನೇ ದಿನ ಕತ್ತಿ ಹಿಡಿದು ತೋಟಕ್ಕೆ ಹೋಗಬೇಕಿತ್ತು. ಇಷ್ಟನ್ನೂ ತಿಳಿದೇ ನನಗೆ ಆ ಕೆಲಸ ಬೇಕಾಗಿತ್ತು. ನಮ್ಮ ತೋಟಕ್ಕೆ ಬರುವವಳ ಮಗಳ ಕೈಕೆಳಗೆ ಕೂತು ಕಲಿಯುವುದು ಹೇಗೆ ಎಂಬ ಕೆಟ್ಟ ಹೊಟ್ಟೆಕಿಚ್ಚು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೇ.

ಶೃಂಗೇರಿಯ ನರ್ಸಿಂಗ್ ಹೋಮಿಗೆ ಮಾಡಿದ ಪ್ರೋಗ್ರಾಮನ್ನು ನೀನು ಮರೆತಿರಲಾರೆ. ರೋಗಿಯ ಹೆಸರು ಕೊಟ್ಟರೆ ಅವರ ಹಳೆಯ ಚೀಟಿ, ಔಷಧ, ಇಂಜೆಕ್ಷನ್ ತಾರೀಖು ಎಲ್ಲ ಪರದೆಯ ಮೇಲೆ ಬರಬೇಕು. ಮೂವತ್ತು ಜನರ ವಿವರ ತುಂಬಿಸಿದ್ದೆವು. ಅದರಲ್ಲಿ ಮೊದಲನೆಯವರು ಮಂಜಯ್ಯ, ಬಿಪಿ ಮಾತ್ರೆಯವರು. ಡಾಕ್ಟರಿಗೆ ತೋರಿಸುವ ಹಿಂದಿನ ದಿನ ಮಧ್ಯಾಹ್ನ ನೀನು ನೀರು ಕುಡಿಯಲು ಎದ್ದು ಹೋದಾಗ, ನಿನ್ನ ಪುಸ್ತಕ ನೋಡಿಕೊಂಡು ನಾನು ಐದಾರು ಸಾಲು ಟೈಪ್ ಮಾಡಿದೆ. ಒಂದು ಕಡೆ ಹೆಸರಿನ ಮೊದಲ ಅಕ್ಷರ ಹೊಡೆದು ಪಟ್ಟಿ ಬೀಳಿಸಿದೆ. ಪಟ್ಟಿಯಲ್ಲಿ ಎರಡು ಹೆಸರು ಇದ್ದವು. ಮೇಲೆ ಇದ್ದದ್ದು ಫಸ್ಟ್‌ಪೇಷೆಂಟ್, ಅಂದರೆ ನಾವು ತುಂಬಿಸಿದ ಮೊದಲ ರೋಗಿ. ಅದರ ಕೆಳಗೆ ಫೌಂಡ್‌ಪೇಷೆಂಟ್, ಅಂದರೆ ಹುಡುಕಿದಾಗ ಸಿಕ್ಕ ರೋಗಿ. ನೀನು ಬರೆದದ್ದು ಎರಡನೆಯದು. ನಾನು ಕಣ್ಣೆತ್ತಿಯೂ ನೋಡದೆ ಎಂಟರ್ ಒತ್ತಿದೆ, ಮೇಲಿನದು ಕೂತಿತು. ನೀನು ಬಂದು, "ಟೆಸ್ಟ್ ಮಾಡಿದ್ಯೇನೆ?" ಎಂದು ಕೇಳಿದೆ. ಮಾಡಿದೆ ಅಂದೆ. ಮಾಡಿದ್ದೂ ನಿಜ. ಮಂಜಯ್ಯನ ಹೆಸರನ್ನೇ ಕೊಟ್ಟು ನೋಡಿದ್ದೆ, ಮಂಜಯ್ಯನೇ ಬಂದಿದ್ದರು. ಅಷ್ಟಕ್ಕೆ ಬಿಟ್ಟೆ.

ಮರುದಿನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ರಾಧಮ್ಮ ಎಂದು ಹೆಸರು ಕೊಟ್ಟರು. ಪರದೆಯ ಮೇಲೆ ಮಂಜಯ್ಯ ಬಂದರು. ವಾಸಪ್ಪ ಎಂದು ಕೊಟ್ಟರು. ಮತ್ತೆ ಮಂಜಯ್ಯ. "ಎಂತದ್ರೀ ಇದು, ಶೃಂಗೇರಿಯಲ್ಲಿ ಮಂಜಯ್ಯ ಒಬ್ಬನೇ ಇರೋದಾ?" ಎಂದು ನಕ್ಕವರು ಕೂಡಲೇ ಗಂಭೀರವಾದರು. ರಾಧಮ್ಮನಿಗೆ ಮಂಜಯ್ಯನ ಮಾತ್ರೆ ಕೊಟ್ಟರೆ ಯಾರು ಹೊಣೆ, ಈ ಪ್ರೋಗ್ರಾಮು ನಮಗೆ ಬೇಡ ಎಂದು ಸರ್ ಮುಖಕ್ಕೇ ಹೇಳಿದರು. ಸರ್ ಬೈಕಿನಲ್ಲಿ ಹೊರಟುಹೋದರು. ನಾವು ಕೊಪ್ಪದ ಬಸ್ಸು ಹತ್ತಿದೆವು. ಇದ್ದದ್ದು ಒಂದೇ ಸೀಟು, ನೀನು ಎಂದಿನಂತೆ ನನ್ನನ್ನು ಕೂರಿಸಿದೆ. ನಿಂತವರ ಚೀಲವನ್ನು ಕೂತವರು ಹಿಡಿದುಕೊಳ್ಳುವುದು ಇದ್ದದ್ದೇ. ನಿನ್ನ ಚೀಲ ಕೊಪ್ಪದವರೆಗೂ ನನ್ನ ತೊಡೆಯ ಮೇಲಿತ್ತು. ನಿನ್ನನ್ನು ಜನ ನೂಕಿ ನೂಕಿ ಹಿಂದಕ್ಕೆ ಕಳಿಸಿದ್ದರು.

ಸೆಂಟರಿನಲ್ಲಿ ಸರ್ ಆ ಹೆಸರಿನ ಮೇಲೆ ಕರ್ಸರ್ ಇಟ್ಟು ತೋರಿಸಿದರು. ಫೌಂಡ್‌ಪೇಷೆಂಟ್ ಇದ್ದ ಕಡೆಯೆಲ್ಲ ಹಳದಿಯಾಯಿತು, ವಿವರ ತೋರಿಸಬೇಕಾದ ಸಾಲು ಮಾತ್ರ ಬಿಳಿಯಾಗಿಯೇ ಉಳಿಯಿತು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾದದ್ದೂ ಆಗಲೇ. ಇದನ್ನು ಯಾರು ಟೈಪ್ ಮಾಡಿದ್ದು ಎಂದು ಸರ್ ಕೇಳಿದರು. ನಾನು ನೆಲ ನೋಡಿದೆ. ನೀನು, "ಪುಸ್ತಕದಲ್ಲಿ ನಾನು ಸರಿಯಾಗೇ ಬರ್ದಿದ್ದೇನೆ ಸರ್, ತೋರಿಸ್ತೇನೆ" ಎಂದು ಚೀಲದಿಂದ ಪುಸ್ತಕ ತೆಗೆದೆ. ಹಾಳೆ ತಿರುಗಿಸಿದೆ. ಹಿಂದಕ್ಕೆ ಹೋಗಿ ಮತ್ತೆ ತಿರುಗಿಸಿದೆ. ಆಮೇಲೆ ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದೆ.

ನೀನು ಸುಳ್ಳು ಹೇಳಿದೆ ಎಂದೇ ಸರ್ ತಿಳಿದರು. ತಪ್ಪು ಮಾಡಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಬೇಸರ ಎಂದು ಎಲ್ಲರ ಎದುರಿಗೇ ಅಂದರು. ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ನೀನು ಮೆಟ್ಟಿಲಿಳಿದು ಹೋದೆ. ನೀನು ಯಾಕೆ ತೋರಿಸಲಿಲ್ಲ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ನನ್ನ ಅಪ್ಪನ ಮುಖ ನೆನೆದು, ನಾಳೆ ಗುಡ್ಡಮ್ಮನಿಗೆ ಕೆಲಸ ತಪ್ಪೀತು ಎಂದು ಹೆದರಿ ನೀನು ಸುಮ್ಮನಾದೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ.

ಮುಂದಿನ ವಾರವೇ ನೀನು ಗುಡ್ಡಮ್ಮನ ಜೊತೆ ನಮ್ಮ ತೋಟಕ್ಕೆ ಅಡಿಕೆ ಹೆಕ್ಕಲು ಬಂದೆ. ನಾನು ಹೊಸ ಚೂಡಿದಾರ ಹಾಕಿಕೊಂಡು ಪಾಠ ಮಾಡಲು ಹೊರಟಿದ್ದೆ. ಹಿತ್ತಿಲ ಗೂಡಿನಲ್ಲಿ ಇಟ್ಟಿರುತ್ತಿದ್ದ ಲೋಟ ತೆಗೆದುಕೊಂಡು, ಅಮ್ಮ ಎತ್ತರದಿಂದ ಹೊಯ್ದ ಚಹಾ ಕುಡಿಯುತ್ತಾ ನೀನು ನಿಂತಿದ್ದೆ. ನಾನು ಜಗಲಿಯ ಕಡೆಯಿಂದ ಇಳಿದು ಹೋದೆ. ಆ ಮೇ ತಿಂಗಳಲ್ಲಿ ನಿನ್ನ ಮದುವೆ. ಅಮ್ಮ ಕೊಟ್ಟ ಸೀರೆಯ ಜೊತೆ ನಿನ್ನ ಪುಸ್ತಕವನ್ನೂ ಕಳಿಸಬೇಕೆಂದು ಎತ್ತಿಟ್ಟಿದ್ದೆ. ಕಳಿಸಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಅದು ನನಗೇ ಬೇಕಾಗಿತ್ತು. ಪಾಠದ ಮೊದಲ ದಿನ ಕರೆಂಟು ಹೋಯಿತು. ಬೋರ್ಡಿನ ಮೇಲೆ ಬರೆದು ಹೇಳಿಕೊಡು ಅಂದರು ಸರ್. ಸೀಮೆಸುಣ್ಣದಲ್ಲಿ ಒಂದು ಹೆಸರು ಬರೆದೆ, ಚುಕ್ಕಿ ಇಟ್ಟೆ, ಕೈ ನಿಂತೇಹೋಯಿತು. ಪಟ್ಟಿ ಬೀಳಲಿ ಎಂದು ಕಾಯುತ್ತಿದ್ದೆ, ಅನಿತಾ! ಹನ್ನೆರಡು ಜನ ಹುಡುಗಿಯರು ನನ್ನ ಬೆನ್ನು ನೋಡುತ್ತಿದ್ದರು. ಅವತ್ತು ಮನೆಗೆ ಹೋಗಿ ನಿನ್ನ ಪುಸ್ತಕ ತೆರೆದೆ. ಅಂದಿನಿಂದ ಇಂದಿನವರೆಗೆ ನಾನು ಕಲಿಸಿದ ಒಂದೊಂದು ಪಾಠವೂ ನಿನ್ನದು. ಮೇಡಂ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾರೆ ಎಂದು ಹುಡುಗಿಯರು ಹೊಗಳುತ್ತಾರೆ. ನಾನು ತಿರುಗಿ ಬೋರ್ಡು ಒರೆಸುತ್ತೇನೆ.

ಈಗ ಕೆಲಸದ ಮಾತು. ಜನವರಿಗೆ ಸರ್ ನರಸಿಂಹರಾಜಪುರದಲ್ಲಿ ಇನ್ನೊಂದು ಸೆಂಟರ್ ತೆಗೆಯುತ್ತಿದ್ದಾರೆ. ಅಲ್ಲಿಗೆ ಟೀಚರ್ ಬೇಕು. ಮೊನ್ನೆ ಗುರುವಾರ ಅವರ ಮುಂದೆ ನಿಂತು, ಅವತ್ತು ಆ ಸಾಲು ಟೈಪ್ ಮಾಡಿದ್ದು ನಾನು, ಅನಿತಾ ಅಲ್ಲ ಎಂದು ಹೇಳಿಬಿಟ್ಟೆ. ಸರ್ ಕೀಬೋರ್ಡಿನ ಧೂಳು ಊದುತ್ತಾ, "ಹೋಗ್ಲಿ ಬಿಡು ಮಾರಾಯ್ತಿ, ಹಳೇ ಕಥೆ. ಅವಳು ಬರೋದಾದ್ರೆ ಬರ್ಲಿ, ಒಂದು ಟೆಸ್ಟ್ ಕೊಟ್ಟು ನೋಡಾಣ" ಅಂದರು. ನಿನ್ನ ಬದುಕನ್ನೇ ಬೇರೆ ದಾರಿಗೆ ತಿರುಗಿಸಿದ್ದು ಅವರಿಗೆ ಹಳೇ ಕಥೆ. ಹೊರಗೆ ಬಂದು ಅತ್ತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಟೆಸ್ಟ್ ಡಿಸೆಂಬರ್ ಹದಿನೈದಕ್ಕೆ. ಹೊಸ ಸೆಂಟರಿಗೆ ಕಂಪ್ಯೂಟರ್ ಇನ್ನೂ ಬಂದಿಲ್ಲ, ಹಾಳೆಯ ಮೇಲೆಯೇ ಬರೆಯಬೇಕು. ನಿನಗೆ ಅದು ಯಾವ ಲೆಕ್ಕ? ಮೂರು ವರ್ಷ ಮುಟ್ಟಿಲ್ಲ, ಎಲ್ಲ ಮರೆತಿದೆ ಅನ್ನಬೇಡ. ಪುಸ್ತಕವನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಮಗುವನ್ನು ನೋಡಿಕೊಳ್ಳಲು ಆ ದಿನ ನಾನೇ ಬರುತ್ತೇನೆ. ನೀನು ಬರದೆಯೂ ಇರಬಹುದು. ಈ ಪತ್ರವನ್ನು ಒಲೆಗೆ ಹಾಕಬಹುದು. ಹಾಗೆ ಮಾಡಿದರೂ ನಿನ್ನ ಮೇಲೆ ಬೇಸರಪಡುವ ಹಕ್ಕು ನನಗಿಲ್ಲ. ಆದರೆ ಎಲ್ಲಿಯಾದರೂ ಸಿಕ್ಕಿದರೆ, ಒಂದೇ ಒಂದು ಸಲ, ಏ ಚೈತ್ರಾ ಅಂತ ಕರೆ. ಬೈಯುವುದಕ್ಕಾದರೂ ಸರಿ.

ನಿನ್ನ ಸ್ನೇಹಕ್ಕೆ ತಕ್ಕವಳಾಗದ
ಚೈತ್ರ

ಮರೆತ ಮಾತು: ಮರೆತದ್ದೇನಲ್ಲ. ಸಹಿ ಹಾಕಿ, ಕವರಿಗೆ ಹಾಕಿ, ಮತ್ತೆ ತೆಗೆದೆ. ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಸರ್ ತೋರಿಸುವವರೆಗೆ ತಪ್ಪು ಗೊತ್ತಿರಲಿಲ್ಲ ಎಂಬುದು ಒಂದು. ಎರಡನೇ ಸಲ ಮಂಜಯ್ಯನ ಹೆಸರು ಬಂದಾಗಲೇ ನನಗೆ ಗೊತ್ತಾಗಿತ್ತು. ನೀನು ಅಪ್ಪನಿಗೆ ಹೆದರಿ ಪುಸ್ತಕ ಮುಚ್ಚಿದೆ ಎಂದುಕೊಂಡದ್ದು ಇನ್ನೊಂದು. ನೀನು ಹೆದರಲಿಲ್ಲ. ತೋರಿಸಲು ಪುಸ್ತಕದಲ್ಲಿ ಆ ಹಾಳೆಯೇ ಇರಲಿಲ್ಲ. ಬಸ್ಸಿನಲ್ಲಿ, ನನ್ನನ್ನು ನಂಬಿ ಕೊಟ್ಟಿದ್ದ ನಿನ್ನ ಚೀಲದೊಳಗೆ ಕೈ ಹಾಕಿ, ಅದನ್ನು ಹರಿದದ್ದು ನಾನು. ನೀನು ನನ್ನ ಕಡೆ ನೋಡಿದ್ದು ಅದಕ್ಕೇ ಎಂದು ನನಗೆ ಆಗಲೂ ಗೊತ್ತಿತ್ತು. ಇದನ್ನು ಸರ್‌ಗೆ ಹೇಳುವ ಧೈರ್ಯ ಗುರುವಾರ ನನಗೆ ಬರಲಿಲ್ಲ. ಹೇಳುವುದನ್ನು ನಿನಗೇ ಬಿಟ್ಟಿದ್ದೇನೆ, ನನ್ನ ಕೈಬರಹ ಈಗ ನಿನ್ನ ಹತ್ತಿರ ಇದೆ. ಈ ಕೊನೆಯ ಹಾಳೆಯಲ್ಲಿ ನನ್ನ ಅಕ್ಷರಗಳ ನಡುವೆ ಅಲ್ಲಲ್ಲಿ ಹಳದಿ ಕಾಣುತ್ತಿರಬಹುದು. ತಿರುಗಿಸಿ ನೋಡು. ನೀನು ಸರಿಯಾಗೇ ಬರೆದಿದ್ದೆ.