ಮೀನಂಗಡಿಯಲ್ಲಿ ನನ್ನ ಪೋಸ್ಟರ್

ಐಲಾ,

ನಮ್ಮ ಹಾಡಿಗೆ ನಾವೇ ಪ್ರಚಾರ ಮಾಡಿಕೊಳ್ಳುವುದು ನಾಚಿಕೆಗೇಡು ಎಂದು ನೀನು ನನ್ನ ಜೊತೆ ಹಾಡುವುದನ್ನೇ ಬಿಟ್ಟೆ. ಇವತ್ತು ನಾನು ಅದನ್ನೇ ಮಾಡಿದೆ. ಶನಿವಾರದ ನನ್ನ ಕಾರ್ಯಕ್ರಮದ ಪೋಸ್ಟರ್ ಹಿಡಿದು ತಾಂಪೆರೆಯ ಮಾರುಕಟ್ಟೆಯಲ್ಲಿ ಅಂಗಡಿಯಿಂದಂಗಡಿಗೆ ಅಲೆದೆ.

ಮೀನು ಮಾರುವ ಮುದುಕಿ ಲೆಂಪಿ ಪೋಸ್ಟರನ್ನೂ ನನ್ನನ್ನೂ ನೋಡಿ, “ಇದ್ರಲ್ಲಿರೋಳು ನೀನೇನಾ? ನಿನ್ನ ಡಂಗುರ ಸಾರೋಕೆ ಬೇರೆ ಯಾರೂ ಸಿಗ್ಲಿಲ್ವೇನೇ?” ಎಂದಳು.

“ಸಿಗ್ಲಿಲ್ಲ ಕಣಜ್ಜಿ. ಅದಕ್ಕೇ ನಾನೇ ಬಂದೆ.”

“ಹಾಗಾದ್ರೆ ಒಂದು ಹಾಡು. ಚೆನ್ನಾಗಿದ್ರೆ ಅಂಟಿಸ್ತೀನಿ, ಇಲ್ದಿದ್ರೆ ಇದ್ರಲ್ಲೇ ಮೀನು ಕಟ್ಟಿಕೊಡ್ತೀನಿ.”

ಸುತ್ತಲಿದ್ದವರು ನಕ್ಕರು. ನನಗೆ ರೇಗಿತು. ಅಲ್ಲೇ ನಿಂತು ನಮ್ಮ ಸರೋವರದ ಹಾಡನ್ನು ಎತ್ತಿಕೊಂಡೆ. ಎರಡನೆಯ ಸಾಲಿಗೆ ನೀನು ದನಿಗೂಡಿಸುತ್ತಿದ್ದೆಯಲ್ಲ, ಅಲ್ಲಿ ಅಭ್ಯಾಸಬಲದಿಂದ ಒಂದು ಗಳಿಗೆ ಕಾದೆ. ಆಮೇಲೆ ಇನ್ನೂ ಗಟ್ಟಿಯಾಗಿ ಹಾಡಿದೆ.

ಲೆಂಪಿ ಚಾಕು ಕೆಳಗಿಟ್ಟು ಕೊನೆಯವರೆಗೂ ಕೇಳಿದಳು. ಪೋಸ್ಟರನ್ನು ತಕ್ಕಡಿಯ ಹಿಂದೆ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾ, “ಇದು ಇಬ್ರು ಹಾಡೋ ಹಾಡಲ್ವಾ? ಇನ್ನೊಬ್ಬಳೆಲ್ಲಿ?” ಎಂದಳು.

“ಈಗ ನಾನೊಬ್ಬಳೇ ಹಾಡೋದು,” ಎಂದೆ.

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ. ಆದರೆ ನಾಳೆ ನಿನ್ನ ಬೀದಿಯಲ್ಲೂ ಪೋಸ್ಟರ್ ಅಂಟಿಸುತ್ತೇನೆ. ಹರಿದುಹಾಕುವುದಕ್ಕಾದರೂ ನೀನು ಅದರೆದುರು ಬಂದು ನಿಲ್ಲಲೇಬೇಕು.

ತೂಲಿಕ್ಕಿ