ಮನೆ ಅಳೆದ ಮೇಲೆ

ಚಾಮರಾಜಪೇಟೆ, ಬೆಂಗಳೂರು
೧೨ ಜೂನ್ ೨೦೨೫, ಗುರುವಾರ

ಪ್ರೀತಿಯ ಅಜ್ಜಿಗೆ, ರಂಜಿನಿಯ ಶರಣು.

ಮಂಡಿ ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತಲು ಶುರು ಮಾಡಿದ್ದೀರಂತೆ, ಅತ್ತೆ ಹೇಳಿದರು. ತುಮಕೂರಿನ ನೀರು ನಿಮಗೆ ಒಗ್ಗಿತೇ? ಬ್ಯಾಟರಿ ಉಳಿಸಲೆಂದು ಕಿವಿಯ ಮಿಷನ್ನನ್ನು ತೆಗೆದು ಡಬ್ಬಿಯಲ್ಲಿ ಇಡುತ್ತೀರೆಂಬ ದೂರೂ ಬಂದಿದೆ. ಗಾಂಧಿ ಬಜಾರಿನ ಕ್ಲಿನಿಕ್ಕಿನಲ್ಲಿ ಊರವರ ಕಿವಿಗೆಲ್ಲ ಮಿಷನ್ ಕೂರಿಸುವ ಮೊಮ್ಮಗಳ ಮರ್ಯಾದೆಯನ್ನಾದರೂ ಉಳಿಸಿ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳುವುದಿಲ್ಲ, ಉಳಿದರ್ಧವನ್ನು ಅತ್ತೆ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಈ ಕಾಗದ.

ಇಂಗ್ಲೆಂಡಿನ ಯೂನಿವರ್ಸಿಟಿಯಲ್ಲಿ ನನಗೆ ಸೀಟು ಸಿಕ್ಕ ವಿಷಯ ನಿಮಗೆ ಗೊತ್ತು. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಓದು, ಒಂದು ವರ್ಷದ್ದು. ಫೀಸಿನ ಬಹುಪಾಲು ಬ್ಯಾಂಕಿನ ಸಾಲ, ಅದಕ್ಕೆ ನಿಮ್ಮ ಹೆಸರಿನಲ್ಲಿರುವ ಈ ಮನೆಯೇ ಆಧಾರ. ಉಳಿದದ್ದನ್ನು ಅಪ್ಪ ಕೂಡಿಟ್ಟ ದುಡ್ಡಿನಲ್ಲಿ ಕಟ್ಟುವುದೆಂದು ಮಾತಾಗಿತ್ತು. ಅಪ್ಪನಿಗಂತೂ ನನಗಿಂತ ಹೆಚ್ಚು ಉತ್ಸಾಹ. ನಗರ್ತಪೇಟೆಯ ನಮ್ಮ ಅಂಗಡಿಗೆ ದಾರ, ಗುಂಡಿ ಕೊಳ್ಳಲು ಬಂದ ಟೈಲರುಗಳಿಗೆಲ್ಲ ಲಂಡನ್ನಿನ ಚಳಿಯ ಬಗ್ಗೆ ಹೇಳುತ್ತಿದ್ದರು. ನಾನು ಹೋಗುವ ಊರು ಲಂಡನ್ ಅಲ್ಲ ಎಂದು ತಿದ್ದುವುದನ್ನು ಬಿಟ್ಟಿದ್ದೇನೆ.

ಹೋದ ವಾರ ಬ್ಯಾಂಕಿನ ಕಡೆಯವರು ಮನೆಗೆ ಬೆಲೆ ಕಟ್ಟಲು ಬಂದರು. ಕತ್ತಲಾದ ಮೇಲೆ ಬನ್ನಿ ಎಂದು ಅಪ್ಪ ಕೇಳಿಕೊಂಡಿದ್ದರಂತೆ. ಅವರು ಬೆಳಿಗ್ಗೆ, ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿರುವ ಹೊತ್ತಿಗೆ ಬಂದು ಟೇಪು ಹಿಡಿದು ಅಳೆದರು. ಎದುರುಮನೆಯ ಶ್ರೀನಿವಾಸಯ್ಯನವರು ಟೇಪಿನ ಇನ್ನೊಂದು ತುದಿ ಹಿಡಿದು ಉಪಕಾರವನ್ನೂ ಮಾಡಿದರು. ಮಧ್ಯಾಹ್ನಕ್ಕೆ ಸುದ್ದಿ ಪೇಟೆ ತಲುಪಿತ್ತು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ಅಂಗಡಿಗೆ ಸರಕು ಉದ್ರಿಯಾಗಿ ಬರುವುದು ಬಾಯಿಮಾತಿನ ಮೇಲೆ. ಮನೆ ಅಳೆಸಿಕೊಂಡವನ ಬಾಯಿಮಾತನ್ನು ಅಲ್ಲಿ ಯಾರು ನಂಬುತ್ತಾರೆ? ಲೈನಿಂಗ್ ಬಟ್ಟೆಯ ಹೋಲ್‌ಸೇಲ್ ವ್ಯಾಪಾರಿ ಮಂಜುನಾಥ್ ಕಾಫಿಯ ನೆಪದಲ್ಲಿ ಬಂದು ಕೂತು, "ಏನಿಲ್ಲ ಬಸವಪ್ರಭು ಅವ್ರೇ, ಮನೆ ಕೊಡ್ತಿದೀರ ಅಂದ್ರು, ಸುಮ್ನೆ ಕೇಳ್ಕೊಂಡ್ ಹೋಗೋಣ ಅಂತ ಬಂದೆ" ಎಂದರಂತೆ. ಮಗಳ ಓದಿಗೆ ಸಾಲ ತೆಗೆಯುತ್ತಿದ್ದೇನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸಾಲವೆಂಬ ಮಾತು ಆ ಗಲ್ಲಿಯಲ್ಲಿ ಅಪ್ಪನ ಬಾಯಿಂದ ಹೊರಡುವುದಿಲ್ಲ. "ಯಾರ್ರೀ ಹೇಳಿದ್ದು? ಈ ಸಲ ಸರಕು ಡಬಲ್ ಕಳಿಸಿ, ಕ್ಯಾಶ್ ತಗೊಂಡ್ ಹೋಗಿ" ಎಂದುಬಿಟ್ಟರು. ಕೊಟ್ಟೂಬಿಟ್ಟರು. ಫೀಸಿಗೆಂದು ಇಟ್ಟಿದ್ದ ದುಡ್ಡು ಈಗ ಅಂಗಡಿಯ ಅಟ್ಟದ ಮೇಲೆ ಲೈನಿಂಗ್ ಬಟ್ಟೆಯಾಗಿ ಕೂತಿದೆ, ಹೆಚ್ಚಿನದು ಮೆರೂನ್ ಬಣ್ಣದ್ದು.

ಹಾಗಾಗಿ ಇನ್ನೂ ದೊಡ್ಡ ಸಾಲ ಎತ್ತುವುದೆಂದು ಅಪ್ಪ ತೀರ್ಮಾನಿಸಿದ್ದಾರೆ. ಅಮ್ಮ ಪಾತ್ರೆಗಳನ್ನು ಜೋರಾಗಿ ಇಡುತ್ತಾಳೆ. ಅಲ್ಲಿ ಓದಿ ಬಂದವರನ್ನು ನಾನು ವಿಚಾರಿಸಿದೆ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕಿದರೆ ಸಾಲ ತೀರುತ್ತದೆ. ಸಿಗದೆ ವಾಪಸು ಬಂದರೆ ಇಲ್ಲಿನ ಸಂಬಳ ಕಂತಿಗೂ ಸಾಕಾಗುವುದಿಲ್ಲ. ಆಗ ಕಟ್ಟಬೇಕಾದವರು ಅಪ್ಪ. ಅವರಿಗೂ ಆಗದಿದ್ದರೆ ಹೋಗುವುದು ನೀವು ಕೂತು ಹೂ ಕಟ್ಟುವ ಜಗಲಿ. ನನಗೆ ಹೋಗುವ ಆಸೆ ಇದೆ ಅಜ್ಜಿ, ತುಂಬಾ ಇದೆ. ಆದರೆ ಈ ಸಾಲಕ್ಕೆ ಮನಸ್ಸು ಒಪ್ಪುತ್ತಿಲ್ಲ. ಸೀಟನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೀರಾ ಎಂದು ಯೂನಿವರ್ಸಿಟಿಯವರನ್ನು ಕೇಳಿದ್ದೇನೆ. ಉತ್ತರ ಬಂದಿಲ್ಲ.

ಅತ್ತೆಗೂ ಮಾವನವರಿಗೂ ನನ್ನ ನಮಸ್ಕಾರ. ಮಂಡಿಗೆ ಕೊಟ್ಟಿರುವ ವ್ಯಾಯಾಮ ತಪ್ಪಿಸಬೇಡಿ, ಮಾವನವರ ಎದುರು ಮಾಡಬೇಕಲ್ಲ ಎಂದು ನಾಚಿಕೆಯನ್ನೂ ಪಡಬೇಡಿ.

ನಿಮ್ಮ ಮೊಮ್ಮಗಳು,
ಶಿವರಂಜಿನಿ

ತಾ.ಕ.: ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ, ಶನಿವಾರ ತಲುಪಬೇಕು. ಭಾನುವಾರ ಅಪ್ಪ ನಿಮ್ಮ ರುಜುವಿಗೆ ಬ್ಯಾಂಕಿನ ಕಾಗದಗಳನ್ನು ತರುತ್ತಾರೆ. ದಯವಿಟ್ಟು ರುಜು ಹಾಕಬೇಡಿ. ನಾನು ಹೇಳಿದೆನೆಂದೂ ಹೇಳಬೇಡಿ, ಬೇಕಾದರೆ ಬೈದು ಕಳಿಸಿ. ನಾನು ಬೇಡವೆಂದರೆ ಅವರು ಮಗಳನ್ನು ಓದಿಸಲಾಗದ ಅಪ್ಪನಾಗಿ ಪೇಟೆಗೆ ಹೋಗಬೇಕು. ನೀವು ಬೇಡವೆಂದರೆ ತಾಯಿಯ ಮಾತು ಮೀರದ ಮಗನಾಗಿ ಹೋಗುತ್ತಾರೆ. ಆಮೇಲೆ ಸ್ವಲ್ಪ ದಿನ ನಾನು ನಿಮ್ಮ ಮೇಲೆ ಮುನಿಸಿಕೊಂಡ ಹಾಗೆ ಇರಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.